ಬೈಪಾಸಲ್ಲೇ ಇಳೀಬೇಕು

ಹೋದ ತಿಂಗಳು ಹುಬ್ಬಳ್ಳಿಯಿಂದ ವಾಪಸ್ ಬರುವಾಗ ಕಂಡಕ್ಟರ್ ಟಿಕೆಟ್ ಕೊಡುವ ಮೊದಲೇ ಹೇಳಿಬಿಟ್ಟ. "ಹರಿಹರ ಒಳಗೆ ಹೋಗಲ್ಲ ಸಾರ್. ಬೈಪಾಸಲ್ಲೇ ಇಳೀಬೇಕು." ಆಯ್ತಪ್ಪ ಅಂದೆ. ರಾತ್ರಿ ಹತ್ತೂವರೆಗೆ ನನ್ನನ್ನು ಒಂದು ಲೈಟು ಕಂಬದ ಕೆಳಗೆ ಇಳಿಸಿ ಬಸ್ಸು ಹೋಯಿತು. ಒಂದರ ಹಿಂದೆ ಒಂದು ಲಾರಿ ಭರ್ರನೆ ಹಾದು ಹೋಗುತ್ತಿದ್ದವು. ಊರು ಯಾವ ದಿಕ್ಕಿಗಿದೆ ಅಂತ ಒಂದು ಗಳಿಗೆ ತಿಳಿಯಲೇ ಇಲ್ಲ. ನಾನು ಹುಟ್ಟಿ ಬೆಳೆದ ಊರಿನ ಹೊರಗೆ ನಿಂತು, ಹೊಸಬನ ಹಾಗೆ, "ಊರೊಳಗೆ ಎಷ್ಟಪ್ಪಾ?" ಅಂತ ಆಟೋದವನನ್ನು ಕೇಳಿದೆ. ಅವನು ಹೊಸಬನಿಗೆ ಹೇಳುವ ರೇಟನ್ನೇ ಹೇಳಿದ.

ನಾನು ಈಗ ಇರೋದು ದಾವಣಗೆರೆಯಲ್ಲಿ. ಇಲ್ಲಿಂದ ಹರಿಹರಕ್ಕೆ 14 ಕಿಲೋಮೀಟರ್. ಅವ್ವ, ತಮ್ಮ ಅಲ್ಲೇ ಹಳೇ ಮನೆಯಲ್ಲಿದ್ದಾರೆ. ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇನೆ. ಅಷ್ಟು ಹತ್ತಿರದ ಊರನ್ನು ನೆನೆಸಿಕೊಂಡು ಬರೆಯೋದು ಸ್ವಲ್ಪ ನಾಚಿಕೆಯ ವಿಷಯವೇ. ಅಮೆರಿಕದಲ್ಲಿದ್ದವರು ಬರೆದರೆ ಒಂದು ಅರ್ಥ ಇರುತ್ತೆ. ಆದರೆ ಆ ರಾತ್ರಿ ಆಟೋದಲ್ಲಿ ಕೂತಾಗ ಒಂದು ಮಾತು ಹೊಳೆಯಿತು. ನಮ್ಮ ಕಾಲದಲ್ಲಿ ಹರಿಹರವನ್ನು ತಪ್ಪಿಸಿ ಹೋಗೋಕೆ ಯಾರಿಗೂ ದಾರಿಯೇ ಇರಲಿಲ್ಲ.

ಯಾಕೆಂದರೆ ಹೊಳೆ ಇತ್ತು. ತುಂಗಭದ್ರೆ ಅಂತ ನಾವು ಯಾರೂ ಅನ್ನುತ್ತಿರಲಿಲ್ಲ, ಅದು ಪಾಠದ ಪುಸ್ತಕದ ಹೆಸರು. ನಮಗೆ ಹೊಳೆ, ಅಷ್ಟೇ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಇಲ್ಲೇ ಅದಕ್ಕೆ ಸೇರುತ್ತದೆ. ಅದಕ್ಕೇ ಊರಿಗೆ ಕೂಡಲೂರು ಅಂತ ಹಳೆಯ ಹೆಸರು. ಬೆಂಗಳೂರು ಕಡೆಯಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ ಅಂತ ಹೊರಟವರು ಯಾರೇ ಆಗಲಿ, ಇಲ್ಲಿ ಬಂದು ಹೊಳೆ ದಾಟಲೇಬೇಕಿತ್ತು. 1868ರಲ್ಲಿ ಸೇತುವೆ ಆಯಿತು. ಕಲ್ಲು ಮತ್ತು ಇಟ್ಟಿಗೆಯದು, 14 ಕಮಾನು. 1889ರ ಹೊತ್ತಿಗೆ ಬೆಂಗಳೂರಿನ ರೈಲು ಹರಿಹರದ ತನಕ ಬಂತು. 1956ರಲ್ಲಿ ರಾಜ್ಯ ಒಂದಾಗುವವರೆಗೂ ಈ ದಂಡೆ ಮೈಸೂರು, ಆ ದಂಡೆ ಮುಂಬಯಿ. ನಮ್ಮಜ್ಜಿ ಸಾಯುವ ತನಕ ಹೊಳೆಯಾಚೆಯವರನ್ನು "ಆಚೆ ಸೀಮೆಯೋರು" ಅಂತಲೇ ಕರೆದಳು. ಆಚೆ ಸೀಮೆಯಿಂದ ತಂದ ಸೊಸೆಗೆ ಅಡುಗೆಯಲ್ಲಿ ಖಾರ ಜಾಸ್ತಿ ಅನ್ನೋದು ಅವಳ ತಕರಾರು. ಆ ಸೊಸೆಯ ಊರು ಸೇತುವೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು.

ಹೀಗೆ ಗಡಿ, ಸೇತುವೆ, ಸ್ಟೇಷನ್, ದೇವಸ್ಥಾನ ಎಲ್ಲಾ ಒಂದೇ ಕಡೆ ಸೇರಿದ ಊರು. ಜನ ನಿಲ್ಲಬೇಕಾಗಿತ್ತು. ನಿಂತವರಿಗೆ ಹಸಿವಾಗುತ್ತಿತ್ತು. ಊರು ಬದುಕಿದ್ದು ಅದರಿಂದ.

ಅಪ್ಪನದು ಹಳೇ ಪಿ.ಬಿ. ರಸ್ತೆಯಲ್ಲಿ, ಅಂದರೆ ಊರೊಳಗಿನ ಹಳೇ ಪುಣೆ-ಬೆಂಗಳೂರು ರಸ್ತೆಯಲ್ಲಿ, ಸೈಕಲ್ ಶಾಪ್. ಶಾಪ್ ಅಂದರೆ ತಗಡಿನ ಒಂದು ಪೆಟ್ಟಿಗೆ ಅಂಗಡಿ. ಮುಂದೆ ನೀರು ತುಂಬಿದ ಕಬ್ಬಿಣದ ಬಾಣಲೆ, ಮರದ ಸ್ಟೂಲು, ಒಂದು ಗಾಳಿ ಪಂಪು. ಹಿಂದೆ ಸಾಲಾಗಿ ಎಂಟು ಬಾಡಿಗೆ ಸೈಕಲ್. ಹಿಂದಿನ ಮಡ್ಗಾರ್ಡಿನ ಮೇಲೆ ಒಂದರಿಂದ ಎಂಟರವರೆಗೆ ಬಿಳಿ ಬಣ್ಣದಲ್ಲಿ ನಂಬರ್. ನಾಲ್ಕನೇ ನಂಬರಿಗೆ ಬ್ರೇಕ್ ಇರಲಿಲ್ಲ. ಅದು ಇಡೀ ಊರಿಗೆ ಗೊತ್ತಿತ್ತು. ಗೊತ್ತಿದ್ದವರು ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸುತ್ತಿದ್ದರು.

ಅಪ್ಪನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಫ್ಯಾಕ್ಟರಿಯವರು. ಫ್ಯಾಕ್ಟರಿ ಅಂದರೆ ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್. ಅಲ್ಲಿ ಮಾಡುತ್ತಿದ್ದದ್ದು ಲೇತ್ ಮಿಷಿನ್. ಕಬ್ಬಿಣದ ತುಂಡನ್ನು ಗಿರಗಿರ ತಿರುಗಿಸಿ, ಉಳಿ ಹಿಡಿದು, ಬೇಕಾದ ಆಕಾರಕ್ಕೆ ಕಡೆಯುವ ಯಂತ್ರ. ಒಂದು ಬೋಲ್ಟ್ ಬೇಕೆಂದರೂ, ಒಂದು ಶಾಫ್ಟ್ ಬೇಕೆಂದರೂ ಮೊದಲು ಲೇತ್ ಬೇಕು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಅನ್ನುವ ಹೆಸರಿನ ಲೇತುಗಳು ಇಲ್ಲಿಂದ ದೇಶದ ಮೂಲೆ ಮೂಲೆಗೆ ಹೋಗುತ್ತಿದ್ದವು. ಕಾರ್ಖಾನೆಯ ಸುತ್ತಲಿನ ವಸತಿಗೆ ಯಂತ್ರಾಪುರ ಅಂತ ಹೆಸರು. ಎಷ್ಟು ನೇರವಾದ ಹೆಸರು ನೋಡಿ. ಈಗಿನವರಾಗಿದ್ದರೆ ಯಾವುದೋ ಗ್ರೀನ್ ವ್ಯಾಲಿ ಅಂತ ಇಡುತ್ತಿದ್ದರು.

ಬೆಳಗಿನ ಸೈರನ್ ಹೊಡೆದಾಗ ಪಿ.ಬಿ. ರಸ್ತೆಯ ತುಂಬ ಸೈಕಲ್ ಹರಿಯುತ್ತಿತ್ತು. ಹ್ಯಾಂಡಲ್ಲಿಗೆ ಸಿಕ್ಕಿಸಿದ ಊಟದ ಡಬ್ಬಿ, ಕ್ಯಾರಿಯರಿನ ಮೇಲೆ ಒಂದೊಂದು ಸಲ ಮಗ. ಲಾರಿಯವರು ಹಾರ್ನ್ ಹೊಡೆದು ಹೊಡೆದು ಸುಮ್ಮನಾಗುತ್ತಿದ್ದರು. ಸಂಜೆ ಅದೇ ಹೊಳೆ ಉಲ್ಟಾ. ಅಪ್ಪ ಸಂಜೆಯ ಸೈರನ್ನಿಗೆ ಹತ್ತು ನಿಮಿಷ ಮೊದಲೇ ಬಾಣಲೆಗೆ ಹೊಸ ನೀರು ತುಂಬಿಸಿ ಇಡುತ್ತಿದ್ದ. ಪಂಕ್ಚರ್, ಬೆಂಡ್ ತೆಗೆಯೋದು, ವರ್ಷಕ್ಕೊಮ್ಮೆ ಓವರಾಯಿಲಿಂಗ್. ಎಲ್ಲಾ ಉದ್ರಿ. ಸಂಬಳದ ದಿನ ಲೆಕ್ಕ ಚುಕ್ತಾ. ಅವತ್ತು ನಮ್ಮ ಮನೆಗೆ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ಬರುತ್ತಿತ್ತು. ಇನ್ನೊಬ್ಬರ ಸಂಬಳದ ದಿನವೇ ನಮ್ಮ ಹಬ್ಬ.

ಸಂಜೆಯ ಆ ಸೈಕಲ್ಲುಗಳು ಎಲ್ಲಾ ಮನೆಗೆ ಹೋಗುತ್ತಿರಲಿಲ್ಲ. ಅರ್ಧ ಹೊಳೆ ಕಡೆ ತಿರುಗುತ್ತಿದ್ದವು. ಇಡೀ ಊರಿಗೇ ಸಂಜೆ ಆಯಿತೆಂದರೆ ಒಂದು ಇಳಿಜಾರು ಬರುತ್ತಿತ್ತು ಅನ್ನಿಸುತ್ತದೆ ಈಗ. ಬಸ್‌ಸ್ಟ್ಯಾಂಡು, ಗಾಂಧಿ ಸರ್ಕಲ್ಲು, ದೇವಸ್ಥಾನದ ರಸ್ತೆ, ಕೋಟೆ. ಜನ ಹಾಗೇ ಜಾರಿಕೊಂಡು ನೀರಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿ, ನಡುವೆ ಉಸುಕು ಹಾಸಿಕೊಳ್ಳುತ್ತಿತ್ತು. ಒಂದು ಕಡೆ ಹುಡುಗರ ಕಬಡ್ಡಿ. ಒಂದು ಕಡೆ ಅಗಸರು ಒಣಗಿಸಿದ ಸೀರೆಗಳನ್ನು ಮಡಚುತ್ತಿದ್ದರು. ಶೇಂಗಾ ಮಾರುವವನು, ಐಸ್‌ಕ್ಯಾಂಡಿ ಗಾಡಿ. ಯಂತ್ರಾಪುರದ ಕ್ವಾರ್ಟರ್ಸಿನಿಂದ ಇಸ್ತ್ರಿ ಮಾಡಿದ ಶರ್ಟಿನವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು, ಕರ್ಚೀಫು ಹಾಸಿ ಕೂರುತ್ತಿದ್ದರು. ನಾವು ಬರೀ ಉಸುಕಿನಲ್ಲಿ. ಕತ್ತಲಾಗುವ ಹೊತ್ತಿಗೆ ರಾಘವೇಂದ್ರ ಮಠದ ಗಂಟೆ. ಅಪ್ಪ ಅಂಗಡಿ ಮುಚ್ಚಿ ಬಂದು ದಂಡೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದ. ಹೊಳೆ ನೋಡೋಕೆ ಅಂದುಕೊಂಡಿದ್ದೆ. ಅವನು ಬಾಡಿಗೆ ಸೈಕಲ್ ಎಣಿಸುತ್ತಿದ್ದ. ಗಂಟೆ ಮೀರಿದರೂ ತಂದು ಕೊಡದ ಹುಡುಗರು ಅಲ್ಲೇ ಸಿಗುತ್ತಿದ್ದರು.

ಮಳೆಗಾಲದ ಆಟ ಬೇರೆ. ಭದ್ರಾ ಡ್ಯಾಮಿನ ನೀರು ಎಷ್ಟು ಅಡಿ ಬಂತು ಅನ್ನೋದು ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ. 186 ಅಡಿ ಅಂದರೆ ತುಂಬಿತು. ಅತ್ತ ತುಂಗೆಯೂ ಮೈದುಂಬಿದರೆ ಇಲ್ಲಿ ಕೆಂಪು ನೀರು ಬರುತ್ತಿತ್ತು. ಊರೆಲ್ಲಾ ಕೊಡೆ ಹಿಡಿದು ಹೊಳೆ ನೋಡೋಕೆ ಹೋಗುತ್ತಿತ್ತು. ಕಮಾನು ಎಷ್ಟು ಮುಳುಗಿತು ಅಂತ ಬಾಜಿ ಕಟ್ಟೋದು. ಗಂಗಾನಗರದವರಿಗೆ ಮಾತ್ರ ಅದು ಆಟ ಆಗಿರಲಿಲ್ಲ. ಅವರು ಪಾತ್ರೆ ಪಗಡ ಹೊತ್ತು ಹೊರಗೆ ಬರುತ್ತಿದ್ದರು. ಈಗಲೂ ಹೊಳೆ ಏರಿದರೆ ಮೊದಲು ಅವರ ಮನೆಗೇ ನೀರು ನುಗ್ಗುತ್ತದೆ.

ಇದನ್ನೆಲ್ಲಾ ಒಂದು ಸಲ ಅವ್ವನ ಮುಂದೆ ಹೇಳುತ್ತಾ ಕೂತಿದ್ದೆ. ಸ್ವಲ್ಪ ಭಾವುಕನಾಗಿದ್ದೆ ಅನ್ನಿ. ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಂಗೇನಪ್ಪಾ, ಹೊಳಿ ಚೆಂದ. ಕೊಡ ಹೊತ್ತೋಳು ನಾನು."

ನಲ್ಲಿ ಇತ್ತು. ಆದರೆ ನಲ್ಲಿಯಲ್ಲಿ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಬೆಳಿಗ್ಗೆ ಎರಡು ಕೊಡ, ಸಂಜೆ ಎರಡು. ತಲೆಯ ಮೇಲೊಂದು, ಸೊಂಟದಲ್ಲೊಂದು. ಜೊತೆಗೆ ಬಟ್ಟೆಯ ಗಂಟು. ನಮ್ಮ ಮನೆಯ ಹತ್ತಿರದ ಘಟ್ಟಕ್ಕೆ 22 ಮೆಟ್ಟಿಲು ಅಂತ ಅವಳೇ ಹೇಳಿದ್ದು. ನಾನು ಅದೇ ಮೆಟ್ಟಿಲ ಮೇಲೆ ವರ್ಷಗಟ್ಟಲೆ ಕುಣಿದಿದ್ದೇನೆ, ಒಂದು ದಿನವೂ ಎಣಿಸಿರಲಿಲ್ಲ. "ಹನ್ನೆರಡನೇದು ಅಲುಗಾಡ್ತಿತ್ತು. ಅಲ್ಲಿ ಬಲಗಾಲು ಇಡಬಾರದು," ಅಂದಳು. ನೀನು ಹೊಟ್ಟೇಲಿದ್ದಾಗ ಅಲ್ಲೇ ಜಾರಿದ್ದೆ ಅಂತಲೂ ಸೇರಿಸಿದಳು. ಆಮೇಲೆ ನಾನು ಹೊಳೆಯ ವಿಷಯ ತೆಗೆಯುವ ಮುಂಚೆ ಎರಡು ಸಲ ಯೋಚಿಸುತ್ತೇನೆ.

ಸೈರನ್ ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತಿತು ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಅಪ್ಪನಿಗೆ ಅದು ಟೈರಿನಲ್ಲಿ ಕಾಣಿಸಿತು. ಮೊದಲು ಜನ ಹೊಸ ಟೈರ್ ಹಾಕಿಸೋದು ಬಿಟ್ಟರು. ಹರಿದ ಟೈರಿನ ಒಳಗೆ ಹಳೇ ಟೈರಿನ ತುಂಡು ಇಟ್ಟು ಓಡಿಸಿದರು. ಟ್ಯೂಬಿನ ಪಂಕ್ಚರಿನ ಮೇಲೆ ಪಂಕ್ಚರ್. ಒಂದು ಟ್ಯೂಬಿನಲ್ಲಿ 17 ಪ್ಯಾಚ್ ಎಣಿಸಿದ್ದು ನನಗೆ ನೆನಪಿದೆ. ಆಮೇಲೆ ಉದ್ರಿ ಪುಸ್ತಕ ದಪ್ಪ ಆಯಿತು. ಆಮೇಲೆ ಒಬ್ಬೊಬ್ಬರೇ ಬಂದು, "ಅಣ್ಣಾ, ಈ ಗಾಡಿ ಇಟ್ಕೊಂಡು ಲೆಕ್ಕ ಮುಗಿಸಿಬಿಡು" ಅನ್ನತೊಡಗಿದರು. ಅಂಗಡಿಯ ಹಿಂದೆ ಸೈಕಲ್ ತುಂಬಿದವು, ಓಡಿಸುವವರು ಇರಲಿಲ್ಲ.

1991ರ ನಂತರ ಹೊರದೇಶದ ಮಿಷಿನ್‌ಗಳು ಸುಲಭವಾಗಿ ಬರತೊಡಗಿದವು. ಕಂಪ್ಯೂಟರ್ ಹೇಳಿದ ಹಾಗೆ ತಾನೇ ಕಡೆಯುವ ಸಿಎನ್‌ಸಿ ಬಂತು. ಕೈಯಿಂದ ಚಕ್ರ ತಿರುಗಿಸಿ ಓಡಿಸುವ ಲೇತಿಗೆ ಮೊದಲಿನ ಬೇಡಿಕೆ ಉಳಿಯಲಿಲ್ಲ. ಬೇರೆ ಕಾರಣಗಳನ್ನು ಜನ ಚಹದಂಗಡಿಯಲ್ಲಿ ಕೂತು ತಮಗೆ ತೋಚಿದ ಹಾಗೆ ಹೇಳುತ್ತಾರೆ, ಅದು ಬೇಡ. 2000ದ ಆಸುಪಾಸಿನಲ್ಲಿ ಕಾರ್ಖಾನೆ ಮುಚ್ಚಿತು. ಅದರ ಸುತ್ತ ಬೋಲ್ಟು, ಎರಕ, ಬಿಡಿಭಾಗ ಅಂತ ನಂಬಿ ನಿಂತಿದ್ದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಎಷ್ಟೋ ಬಾಗಿಲು ಹಾಕಿದವು.

ಹೆಚ್ಚೂಕಮ್ಮಿ ಅದೇ ಕಾಲಕ್ಕೆ ಹೆದ್ದಾರಿ ನಾಲ್ಕು ಪಥ ಆಗತೊಡಗಿತು. ಊರನ್ನು ಬಳಸಿಕೊಂಡು ಬೈಪಾಸ್ ಬಂತು. ಹೊಳೆಗೆ ಬೇರೆ ಕಡೆ ಹೊಸ ಸೇತುವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾಟುವ ಮೊದಲೇ ಅಂಬಿಗನನ್ನು ಬಿಟ್ಟರು. ಬಿಟ್ಟವರಲ್ಲಿ ನಾನೂ ಇದ್ದೇನೆ. ಹುಬ್ಬಳ್ಳಿಗೆ ಕಾರಿನಲ್ಲಿ ಹೊರಟರೆ ನಾನೂ ಬೈಪಾಸೇ ಹಿಡಿಯುತ್ತೇನೆ. ಹಳೇ ರಸ್ತೆಯಲ್ಲಿ ಹೋದರೆ ಅರ್ಧ ಗಂಟೆ ಜಾಸ್ತಿ ಅಲ್ವಾ?

ದಾವಣಗೆರೆಗೂ ಇಂಥದೇ ಪೆಟ್ಟು ಬಿದ್ದಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಮೆರೆದ ಊರು, ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಆದರೆ ಅಲ್ಲಿ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳು ಇದ್ದವು. ಹೊರಗಿನ ಮಕ್ಕಳು ಬಂದರು, ಬಾಡಿಗೆ ಮನೆ, ಮೆಸ್ಸು, ಹೋಟೆಲ್ ನಡೆದವು. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯೂ ಆಯಿತು. ಬೆಣ್ಣೆದೋಸೆಯ ಹೆಸರೂ ಇತ್ತು (ಅದರ ಬಗ್ಗೆ ಬರೆಯಲ್ಲ, ಬರೆದವರು ಸಾಕಷ್ಟು ಜನ ಇದ್ದಾರೆ). ಹರಿಹರಕ್ಕೆ ಆ ಥರ ಎರಡನೇ ಕಾಲು ಇರಲಿಲ್ಲ. ಹತ್ತಿರದ ದೊಡ್ಡ ಮರದ ನೆರಳು ಬೇರೆ. ಸೀರೆ ಕೊಳ್ಳೋಕೆ, ಡಾಕ್ಟರ್ ಹತ್ತಿರ, ಸಿನಿಮಾಕ್ಕೆ, ಎಲ್ಲದಕ್ಕೂ 14 ಕಿಲೋಮೀಟರ್ ಬಸ್ಸು ಹತ್ತೋದು. ಕೊನೆಗೆ ನನ್ನ ಹಾಗೆ ಅಲ್ಲೇ ಮನೆ ಮಾಡೋದು.

ಹೊಳೆಯೂ ಹಾಗೇ ಉಳಿಯಲಿಲ್ಲ. ನಾವು ಕೂರುತ್ತಿದ್ದ ಉಸುಕು ಲಾರಿ ಹತ್ತಿ ಹೋಯಿತು. ಬೇರೆ ಬೇರೆ ಊರುಗಳಲ್ಲಿ ಅದು ಮನೆ ಆಗಿದೆ. ದಾವಣಗೆರೆಯ ನನ್ನ ಮನೆಯ ಗೋಡೆಯೊಳಗೂ ಒಂದಿಷ್ಟು ಇರಬಹುದು. ಈಗ ದಂಡೆಯಲ್ಲಿ ಇಳಿದರೆ ಕೆಸರು, ಜಾಲಿ, ಪೂಜೆಯ ಪ್ಲಾಸ್ಟಿಕ್ಕು. ಹುಡುಗರು ಇಳಿಯೋಕೆ ಹೆದರುತ್ತಾರೆ. ಉಸುಕು ತೆಗೆದ ಗುಂಡಿ ಎಲ್ಲಿದೆ ಅಂತ ಮೇಲಿನಿಂದ ಗೊತ್ತಾಗಲ್ಲ.

ಅಪ್ಪನ ಹಳೇ ಗಿರಾಕಿ ಒಬ್ಬರಿದ್ದಾರೆ. ನಾವು ಮಕ್ಕಳು ಟರ್ನರ್ ಮಾವ ಅನ್ನುತ್ತಿದ್ದೆವು. ಲೇತ್ ಮೇಲೆ ಕೆಲಸ ಮಾಡುವವರಿಗೆ ಟರ್ನರ್ ಅಂತಲೇ ಹೆಸರು. ವಯಸ್ಸು ಎಂಬತ್ತರ ಹತ್ತಿರ, ಬಲಗೈ ಹೆಬ್ಬೆರಳು ಸ್ವಲ್ಪ ಚಪ್ಪಟೆ. ಹೋದ ವರ್ಷ ಅವರ ಜೊತೆ ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿದ್ದೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ನಾನು ದೇವರಿಗೆ ಕೈ ಮುಗಿದು ಹೊರಗೆ ಬಂದರೆ ಮಾವ ಮಂಟಪದ ಒಂದು ಕಂಬದ ಹತ್ತಿರವೇ ನಿಂತಿದ್ದರು. ಕಂಬದ ದುಂಡನೆಯ ಬಳೆಯೊಂದರ ಮೇಲೆ ಆ ಚಪ್ಪಟೆ ಹೆಬ್ಬೆರಳು ಇಟ್ಟು ನಿಧಾನಕ್ಕೆ ಸುತ್ತು ಹಾಕುತ್ತಿದ್ದರು.

"ಇದು ಕೆತ್ತಿದ್ದಲ್ಲ ತಮ್ಮಾ. ಕಡೆದಿದ್ದು."

ನನಗೆ ಗೊತ್ತಿತ್ತು. ಹೊಯ್ಸಳರ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ ಅಂತ ಪುಸ್ತಕದಲ್ಲಿ ಓದಿದ್ದೆ. ಆದರೆ ಓದಿದ್ದು ಬೇರೆ, ಅವರು ಮುಟ್ಟಿ ಹೇಳಿದ್ದು ಬೇರೆ. ಇಷ್ಟು ತೂಕದ ಕಲ್ಲನ್ನು ತಿರುಗಿಸಬೇಕು, ನಡುವಿನ ಗೆರೆ ಒಂದಿಷ್ಟೂ ಅಲುಗಬಾರದು, ಉಳಿ ಹಿಡಿದವನ ಕೈ ಕಲ್ಲಿಗಿಂತ ಗಟ್ಟಿ ಇರಬೇಕು. ಗಡಿಬಿಡಿ ಮಾಡಿದರೆ ಬಳೆಯ ಅಂಚು ಸಿಡಿಯುತ್ತೆ. ಅಷ್ಟು ಹೇಳಿ, ಇನ್ನೊಂದು ಕಂಬಕ್ಕೆ ಹೋದರು. ಅಲ್ಲೂ ಹೆಬ್ಬೆರಳು. "ಹತ್ತು ಥೌ ಔಟ್ ಇರಬೋದು. ಇಲ್ಲಿ ಅವನಿಗೆ ಸುಸ್ತಾಗಿತ್ತು." ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. 800 ವರ್ಷದ ಹಿಂದಿನ ಒಬ್ಬ ಕೆಲಸಗಾರನ ಬಗ್ಗೆ ಅವರು ಪಕ್ಕದ ಮಿಷಿನ್ನಿನವನ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದರು.

ವಾಪಸ್ ನಡೆಯುವಾಗ ಅವರು ಫ್ಯಾಕ್ಟರಿಯ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ ಇನ್ನೂ ಒಂದು ಟರ್ನ್‌ಮಾಸ್ಟರ್ ಓಡುತ್ತಿದೆ ಅಂತ ಹೇಳಿದೆ. "ಓಡ್ತದೆ," ಅಂದರು. ಅಷ್ಟೇ.

ಈಗ ಹೊಳೆದಂಡೆಗೆ ಹೊಸ ಕಳೆ ತರುವ ಮಾತು ನಡೆದಿದೆ. ತುಂಗಾರತಿಗೆ ಅಂತ 108 ಮಂಟಪಗಳ ಯೋಜನೆಗೆ 2022ರಲ್ಲಿ ಶಂಕುಸ್ಥಾಪನೆ ಆಯಿತು. ಕಾಶಿಯ ಹಾಗೆ ಆಗುತ್ತದೆ ಅಂತ ತಮ್ಮ ಖುಷಿಯಲ್ಲಿದ್ದಾನೆ. ಆಗಲಿ, ಬೇಡ ಅನ್ನೋಕೆ ನಾನ್ಯಾರು? ನನ್ನ ಅನುಮಾನ ಇಷ್ಟೇ. ಆರತಿಗೆ ಬಂದವರು ಆರತಿ ಮುಗಿದ ಮೇಲೆ ಬೈಪಾಸ್ ಹತ್ತುತ್ತಾರೆ. ನಮ್ಮ ಹೊಳೆದಂಡೆ ತುಂಬಿದ್ದು ಏನೋ ನೋಡೋಕೆ ಬಂದವರಿಂದ ಆಗಿರಲಿಲ್ಲ. ಬೆವರಿದ ಮೈ ತೊಳೆಯೋಕೆ, ಬಟ್ಟೆ ಒಗೆಯೋಕೆ, ನೀರಿಗೆ, ಸಾಲಗಾರನನ್ನು ಹಿಡಿಯೋಕೆ, ಮನೆಯಲ್ಲಿ ಜಗಳವಾದರೆ ಒಂದು ತಾಸು ಸುಮ್ನೆ ಕೂರೋಕೆ ಜನ ಬರುತ್ತಿದ್ದರು. ಇದಕ್ಕೆಲ್ಲಾ ಮಂಟಪ ಬೇಕಾಗಲ್ಲ. ಆ ಕಾರಣಗಳನ್ನು ಮತ್ತೆ ಹೇಗೆ ತರೋದು ಅಂತ ಮಾತ್ರ ನನಗೂ ಗೊತ್ತಿಲ್ಲ. ತರಲೂಬಾರದೇನೋ. ಅವ್ವನ ಕೊಡ ನೆನಪಾಗುತ್ತದೆ.

ಈ ಸಂಕ್ರಾಂತಿಗೆ ಅವ್ವ ತಾನೇ ಹೊಳೆಗೆ ಹೋಗೋಣ ಅಂದಳು. ಬುತ್ತಿ ಕಟ್ಟಿದ್ದಳು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಜನ ಬಂದಿದ್ದರು. ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೂರೋಕೆ ಉಸುಕು ಇಲ್ಲದ್ದಕ್ಕೆ ಎಲ್ಲರೂ ಕಟ್ಟೆಯ ಮೇಲೆ ಸಾಲಾಗಿ ಕೂತು, ಮದುವೆ ಪಂಕ್ತಿಯ ಹಾಗೆ ಉಣ್ಣುತ್ತಿದ್ದರು. ಉಂಡ ಮೇಲೆ ಅವ್ವ ನನ್ನ ಕೈಯಿಂದ ಖಾಲಿ ನೀರಿನ ಬಾಟಲಿ ಇಸಿದುಕೊಂಡು ಮೆಟ್ಟಿಲು ಇಳಿದಳು. ಪೂಜೆಗೆ ಹೊಳೆ ನೀರು ಬೇಕಿತ್ತಂತೆ. ಬೇಡವ್ವ, ಜಾರುತ್ತೆ, ನಾನು ತರ್ತೀನಿ ಅಂದೆ. ಕೇಳಲಿಲ್ಲ. ಕೈ ಹಿಡಿದುಕೊಂಡು ಜೊತೆಗೆ ಇಳಿದೆ. ಒಂದು ಕಡೆ ಬಲಗಾಲು ಇಡದೆ ಎಡಗಾಲು ಇಟ್ಟಳು. ನಾನು ನೋಡಿದೆ, ಏನೂ ಅನ್ನಲಿಲ್ಲ.

ಬಾಟಲಿಗೆ ಒಂಚೂರು ನೀರು ತುಂಬಿ, ಕುಲುಕಿ ಚೆಲ್ಲಿದಳು. ಇನ್ನೊಮ್ಮೆ ಕುಲುಕಿ ಚೆಲ್ಲಿದಳು. ಮೂರನೇ ಸಲ ತುಂಬಿಸಿ ಮುಚ್ಚಳ ಹಾಕಿದಳು. ಆಮೇಲೆ ತಿರುಗಿ ಮೇಲೆ ನೋಡಿ, ಬಾಯೊಳಗೇ ಏನೋ ಎಣಿಸಿ, ಮುಖ ಗಂಟು ಹಾಕಿದಳು.

"ಹತ್ತೊಂಬತ್ತೇ ಅದಾವಲ್ಲೋ. ಇನ್ನು ಮೂರು ಎಲ್ಲಿ ಹೋದ್ವು?"

ಕೆಸರಿನಲ್ಲಿ ಹೂತು ಹೋಗಿರಬೇಕು ಅಂದೆ. ಅವಳು ಕಾಲ ಹೆಬ್ಬೆರಳಿನಿಂದ ನೀರೊಳಗೆ ತಡಕಾಡತೊಡಗಿದಳು.